ಬಾಲ ನೋಡಿ ಓದುವವರು

ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಯ ಮೇಷ್ಟ್ರಿಗೆ ಮೇಲಿನಿಂದ ಕಾಗದ ಬಂತೆಂದರೆ ಅದು ತೆಲುಗಿನಲ್ಲಿರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ. ಮೇಷ್ಟ್ರು ಅದನ್ನು ಜೇಬಿಗೆ ಸೇರಿಸಿ ನೇರ ನಿವೃತ್ತ ಗುಮಾಸ್ತರ ಜಗಲಿಗೆ ನಡೆಯುತ್ತಾರೆ. ಭಾಷೆ ಬಾರದೆಂದಲ್ಲ, ಎಷ್ಟು ಹೆದರಬೇಕೆಂದು ಕೇಳಲು.

ಇಂಥ ಗುಮಾಸ್ತರು ಊರಿಗೊಬ್ಬರಾದರೂ ಇದ್ದಾರೆ. ಕಾಗದದ ತಲೆ ನೋಡುತ್ತಾರೆ, ಬಾಲ ನೋಡುತ್ತಾರೆ. "ನಡುವೆ ಇರೋದು ಬರೀ ವಿಷಯ ಕಣಪ್ಪ."

ಸರ್ಕ್ಯುಲರ್ ಆದರೆ ಓದದೆಯೇ ಹಿಂದಿರುಗಿಸುತ್ತಾರೆ: "ಎಲ್ಲಾರಿಗೂ ಬಂದೈತೆ. ಸಹಿ ಹಾಕಿ ಸುಮ್ನಿರು." ಮೆಮೊ ಆದರೆ ಕನ್ನಡಕ ಏರುತ್ತದೆ. ಅದರಲ್ಲಿ 'ಮಾನ್ಯರೇ' ಇಲ್ಲ, 'ತಮ್ಮ ವಿಶ್ವಾಸಿ' ಇಲ್ಲ. ಎದುರಿಗೆ ಕೂತಿರುವ ಮೇಷ್ಟ್ರೇ ಅದರೊಳಗೆ 'ಸದರಿ ಉಪಾಧ್ಯಾಯರು' ಆಗಿರುತ್ತಾರೆ. ಸಮಜಾಯಿಷಿ ಬರೆದುಕೊಟ್ಟರೆ ಮುಗಿಯಿತು. ಗುಮಾಸ್ತರು ಬೆವರುವುದು ಡಿ.ಓ. ಎಂಬ ಅರೆ ಸರ್ಕಾರಿ ಪತ್ರಕ್ಕೆ. ಸಾಹೇಬರು ತಾವೇ ಹೆಸರು ಹಿಡಿದು 'ಪ್ರಿಯ' ಎಂದು ಬರೆದಿರುತ್ತಾರಲ್ಲ! "ಬೈದ್ರೆ ಬದುಕ್ತೀಯ. ಪ್ರೀತಿ ಮಾಡಿದ್ರೆ ರಜಾ ಹಾಕು."

ಕಚೇರಿ ಕಡತ ಇಡುವ ಮದರಾಸು ಕಾಲದ ಟಾಟನ್‌ಹ್ಯಾಮ್ ಪದ್ಧತಿ ಅವರ ರಕ್ತದಲ್ಲಿದೆ. ತೀರ್ಮಾನವಾದ ಕಡತಕ್ಕೆ ಎಲ್.ಡಿಸ್. ಹಾಕಿದರೆ 1 ವರ್ಷ ಆಯುಷ್ಯ, ಡಿ.ಡಿಸ್. ಆದರೆ 10 ವರ್ಷ, ಆರ್.ಡಿಸ್. ಶಾಶ್ವತ. ಪಕ್ಕದ ಮನೆಯ ಜಗಳ ಎಲ್.ಡಿಸ್.; ಕೈಗಡ ಕೊಟ್ಟದ್ದು ಡಿ.ಡಿಸ್. ಮದುವೆಯಲ್ಲಿ ಬೀಗರು ಆಡಿದ ಮಾತನ್ನು ಗುಮಾಸ್ತರ ಮನೆಯಾಕೆ ಆರ್.ಡಿಸ್. ಮಾಡಿ ಇಟ್ಟಿದ್ದಾರೆ, ಕೇಳಿದಾಗ ದಿನಾಂಕ ಸಮೇತ ಹಾಜರಾಗುತ್ತದೆ.

ಊರಿನ ಚರಿತ್ರೆಯೂ ಅವರಿಗೆ ಕಡತವೇ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು, ಬಳ್ಳಾರಿ ಮೈಸೂರಿಗೆ, ರಾಯದುರ್ಗ ಆಂಧ್ರಕ್ಕೆ ಸೇರಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರ ಬಿಟ್ಟು ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. "ಒಂದು ಕಲ್ಲೂ ಕದಲಲಿಲ್ಲ ನೋಡ್ರಿ, ಕಾಗದ ಕದಲಿತು." ಇದನ್ನು ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ಇಲಾಖೆಯ ಹೆಮ್ಮೆಯೇ ಹೆಚ್ಚು ಎಂದು ನನ್ನ ಗುಮಾನಿ.

ಈಚೆಗೆ ಹೊಸ ಮೇಷ್ಟ್ರೊಬ್ಬರು ಫೋನನ್ನೇ ಮುಂದೆ ಹಿಡಿದರು. ವಾಟ್ಸಾಪ್ ಗುಂಪಿನಲ್ಲಿ ಮೇಲಧಿಕಾರಿಯ ಸಂದೇಶ: ಇಂದು ಸಂಜೆಯೊಳಗೆ ಹಾಜರಾತಿ ವಿವರ ಕಳಿಸಿ. ಗುಮಾಸ್ತರು ತಲೆ ಹುಡುಕಿದರು, ನಂಬರಿಲ್ಲ. ಬಾಲ ಹುಡುಕಿದರು, 'ನಕಲು ಯಾರಿಗೆ' ಎಂಬುದೂ ಇಲ್ಲ. ಗುಂಪಿಗೆ ಬಂದದ್ದರಿಂದ ಸರ್ಕ್ಯುಲರ್ ಎನ್ನಬೇಕು. ಗಡುವು ನೋಡಿದರೆ ಮೆಮೊ. ಬೆರಳಿನಿಂದ ಮೇಲೆ ಕೆಳಗೆ ತಳ್ಳಿದರು. ಕಟ್ಟಕಡೆಗೆ ಕೈಮುಗಿದ ಪುಟ್ಟ ಚಿತ್ರವೊಂದು ಕಂಡಿತು.

"ಇದು ಡಿ.ಓ. ಜಾತಿ ಕಣಪ್ಪ," ಎಂದು ಫೋನನ್ನು ಥಟ್ಟನೆ ವಾಪಸು ಕೊಟ್ಟರು. "ರಜಾ ಎಷ್ಟು ಉಳಿದೈತೆ?"