ಆಂಪ್ಲಿ ಕಾಕಾನ ಕಿರ್ದಿ

ಹತ್ತು ಎಚ್.ಪಿ. ಮೋಟರಿನ ಪಕ್ಕದಲ್ಲಿ ಅರ್ಧ ಆಯುಷ್ಯ ನಿಂತು ಜೋಳ ಬೀಸಿದವನ ಕಿವಿ ಹೇಗಿರಬೇಕೋ ಆಂಪ್ಲಿ ಕಾಕಾನ ಕಿವಿಯೂ ಹಾಗೇ ಇದೆ. ಗಿರಣಿಗೆ ಬಂದವರು "ಕಾಕಾ, ಸಣ್ಣಗ ಬೀಸ್ರಿ" ಅಂದರೆ, "ಗೋದಿ ಎಷ್ಟು ತಂದೀಯವ್ವಾ?" ಎನ್ನುತ್ತಾನೆ. ಆದರೆ ರಾತ್ರಿ ಗಿರಣಿ ಬಂದಾಗಿ, ಮೈಮೇಲಿನ ಹಿಟ್ಟು ಕೊಡವಿಕೊಂಡು ಒಳಗೆ ಹೋದನೆಂದರೆ, ಅದೇ ಕಿವಿ ಎರಡು ಕೆಪ್ಯಾಸಿಟರುಗಳ ನಡುವಿನ ವ್ಯತ್ಯಾಸ ಹಿಡಿಯುತ್ತದೆ. "ಈ ನೀಲಿದು ಒಂಚೂರು ಒರಟ ಐತಿ ತಮ್ಮಾ. ಕರೀದು ಹಾಕೀನಿ, ಈಗ ಕೇಳು. ನುಣ್ಣಗಾತೋ ಇಲ್ಲೋ?" ಆಯಿತು ಅನ್ನದೆ ಪಾರಿಲ್ಲ. ಅನ್ನುವತನಕ ಚಹಾ ಬರುವುದಿಲ್ಲ.

ಎಂ.ಕೆ. ಹುಬ್ಬಳ್ಳಿಯ ಕಾಕಾನಂತೆ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರು ಕಿತ್ತೂರಿನಲ್ಲೂ ಇದ್ದಾರೆ, ಬೈಲಹೊಂಗಲ, ರಾಮದುರ್ಗದಲ್ಲೂ ಇದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಅಂಗಿಯ ಕಿಸೆಯಲ್ಲಿ ಪೆನ್ನಿರುವ ಜಾಗದಲ್ಲಿ ಟೆಸ್ಟರ್ ಇರುತ್ತದೆ. ಮದುವೆಗೆ ಹೋದರೆ ಅಕ್ಷತೆ ಹಿಡಿದುಕೊಂಡೇ ಸ್ಪೀಕರಿನ ಹಿಂದೆ ಹೋಗಿ ಬಗ್ಗಿ ನೋಡುತ್ತಾರೆ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಜಗತ್ತೆಲ್ಲ ವೇದಿಕೆಯ ಕಡೆ ಮುಖ ಮಾಡಿ ಕೂತರೆ, ಇವರು ವೇದಿಕೆಗೆ ಬೆನ್ನು ಹಾಕಿ ಮೇಲೆ ತೂಗುಬಿಟ್ಟ ಸ್ಪೀಕರ್ ಎಣಿಸುತ್ತಾರೆ. ಯಾರು ಹಾಡಿದರು ಅಂತ ಕೇಳಿದರೆ, "ಹದಿನೆಂಟಿಂಚಿಂದು ಎಂಟ ಇಟ್ಟಿದ್ರು" ಎಂಬ ಉತ್ತರ ಬರುತ್ತದೆ.

ಕಾಕಾನಿಗೆ ಈ ಚಟ ಹತ್ತಿದ್ದು ಗಡಿಗೆಯಿಂದ. ಹುಡುಗನಿದ್ದಾಗ ಕೆಟ್ಟ ರೇಡಿಯೋದ ಸ್ಪೀಕರ್ ಕಿತ್ತು, ನೀರಿನ ಗಡಿಗೆಯ ಬಾಯಿಗೆ ಬೋರಲು ಹಾಕಿದ. ತಗಡಿನಂತಿದ್ದ ಧ್ವನಿಗೆ ಒಮ್ಮೆಲೇ ಹೊಟ್ಟೆ ಬಂತು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಇಂಥ ಗಡಿಗೆಗಳು ಮೂಲೆಯಲ್ಲಿ ಕೂತು ಹಾಡಿವೆ. ಟೊಳ್ಳು ಪಾತ್ರೆಯೊಳಗಿನ ಗಾಳಿ ತನಗೆ ಒಗ್ಗಿದ ಸ್ವರವನ್ನು ಎತ್ತಿ ಹಿಡಿಯುತ್ತದೆ ಎಂಬುದನ್ನು ಹೆಲ್ಮ್‌ಹೋಲ್ಟ್ಜ್ ಎಂಬ ಜರ್ಮನ್ ಪಂಡಿತ ಹತ್ತೊಂಬತ್ತನೇ ಶತಮಾನದಲ್ಲೇ ವಿವರಿಸಿದ್ದ. ಕಾಕಾನ ಅವ್ವನಿಗೆ ಅದು ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಗಡಿಗೆಗೆ ತೂತು ಕೊರೆದದ್ದಕ್ಕೆ ಅವಳು ಕೊಟ್ಟ ಪೆಟ್ಟಿನ ನೆನಪು ಅವನಿಗಿನ್ನೂ ಇದೆ.

ಅಂಗಡಿಯ ಸೆಟ್ಟುಗಳ ಮೇಲೆ ಕಾಕಾನಿಗಿರುವ ಸಿಟ್ಟಿಗೆ ಮಾತ್ರ ನ್ಯಾಯವಾದ ಕಾರಣವಿದೆ. ಒಂದು ಕಾಲಕ್ಕೆ ಪೇಟೆಯ ಡಬ್ಬಗಳ ಮೇಲೆಲ್ಲ ಪಿ.ಎಂ.ಪಿ.ಒ. ಎಂದು ಬರೆದು, ಮುಂದೆ ಸಾವಿರಗಟ್ಟಲೆ ವ್ಯಾಟ್ ಅಚ್ಚು ಹಾಕುತ್ತಿದ್ದರು. ಹತ್ತು ಸಾವಿರ ವ್ಯಾಟಿನ ಅಂಥದೊಂದು ಸೆಟ್ಟಿನ ಎದುರು ಕಾಕಾ ಬಹಳ ಹೊತ್ತು ನಿಂತು ಲೆಕ್ಕ ಹಾಕಿದ. ಒಂದು ಎಚ್.ಪಿ. ಅಂದರೆ 746 ವ್ಯಾಟ್. ತನ್ನ ಗಿರಣಿಯ ಮೋಟರು 7,460. "ಅಣ್ಣಾ, ಇದಕ್ಕೊಂದು ಪಟ್ಟಾ ಹಾಕಿ ಕೊಡು, ನನ್ನ ಗಿರಣಿ ತಿರಗಸ್ತೇನಿ" ಅಂದದ್ದಕ್ಕೆ ಅಂಗಡಿಯವನು ಇವನನ್ನು ಹೊರಗೆ ಕಳಿಸಿದ.

ಅಂದಿನಿಂದ ಕಾಕಾ 4440 ಐಸಿಯ ಭಕ್ತ. ಕಾರಿನ ಸ್ಟೀರಿಯೋಕ್ಕೆಂದು ಜಪಾನಿನ ಸಾನ್ಯೋದವರು ಮಾಡಿದ ಈ ಚಿಪ್ಪು ಸುಳ್ಳು ಹೇಳುವುದಿಲ್ಲ. ಎರಡು ಚಾನಲ್ಲಿಗೆ ಆರಾರು ವ್ಯಾಟ್, ಬ್ರಿಜ್ ಮಾಡಿದರೆ ಹತ್ತೊಂಬತ್ತು. ನಮ್ಮೂರ ಕಡೆ ಕೈಯಲ್ಲಿ ಕಟ್ಟಿದ ಆಂಪ್ಲಿಗಳ ಮುಚ್ಚಳ ತೆಗೆದರೆ ಬಹಳಷ್ಟರಲ್ಲಿ ಕಾಣುವುದು ಇದೇ. ಟ್ವೀಟರಿನ ಮುಂದೆ 4.7 ಮೈಕ್ರೋಫ್ಯಾರಡ್ಡಿನದೊಂದು ಕೆಪ್ಯಾಸಿಟರ್ ಕೂಡಿಸಿದರೆ ಸುಮಾರು 4,200 ಹರ್ಟ್ಸಿನ ಕೆಳಗಿನದು ಕುಗ್ಗುತ್ತ ಹೋಗಿ ಸಣ್ಣ ಧ್ವನಿಯಷ್ಟೇ ಅದಕ್ಕೆ ದಾಟುತ್ತದೆ. ಕಾಕಾ ಇದನ್ನು ಜರಡಿ ಎನ್ನುತ್ತಾನೆ. ಎಂಜಿನಿಯರಿಂಗ್ ಓದಿದ ಅವನ ಅಳಿಯನಿಗಿಂತ ಚೆನ್ನಾಗಿಯೇ ಹೇಳುತ್ತಾನೆ.

ಇಷ್ಟಾದರೂ ಕಾಕಾನ ನಿಜವಾದ ಪ್ರತಿಭೆ ಇರುವುದು ಸೋಲ್ಡರಿಂಗಿನಲ್ಲಲ್ಲ, ಕಿರ್ದಿಯಲ್ಲಿ. ಗಿರಣಿಯ ಉದ್ರಿ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ 'ಸೆಟ್ಟಿನ ಖರ್ಚು' ಅಂತ ಒಂದು ಲೆಕ್ಕವಿದೆ. ಅದಕ್ಕೊಂದೇ ನಿಯಮ: ಮನೆಯಲ್ಲಿದ್ದದ್ದು ಲೆಕ್ಕಕ್ಕಿಲ್ಲ. ಬೆಳಗಾವಿಯಿಂದ ತಂದ ಐಸಿ, ವೂಫರು, ವೈರು ಬರೆಯುತ್ತಾನೆ. ಉಳಿದದ್ದೆಲ್ಲ ಪುಕ್ಕಟೆ.

ಟ್ರಾನ್ಸ್‌ಫಾರ್ಮರ್ ಪುಕ್ಕಟೆ, ಯಾಕೆಂದರೆ ಅದು ಹಳೇ ಇನ್ವರ್ಟರಿನದು. "ಹಳೇದಂದ್ರ?" ಅಂತ ಅವನ ಹೆಂಡತಿ, ನಮ್ಮ ಕಾಕು, ಕೇಳಿದಳು. "ನಿನ್ನೆ ಕರೆಂಟ್ ಹೋದಾಗ ಅದರ ಮ್ಯಾಲ ಲೈಟ್ ಹತ್ತಿತ್ತಲ್ರಿ?" ಐಸಿಯ ಕಾವು ಹೀರುವ ತಗಡು ಪುಕ್ಕಟೆ, ಅದು ಅಡಿಗೆಮನೆಯ ಜರ್ಮನ್ ಪರಾತದ ಅರ್ಧ. ಬಂದವರಿಗೆ "ಹೀಟ್‌ಸಿಂಕ್ ಜರ್ಮನ್ದು" ಎಂದು ಮುಟ್ಟಿ ತೋರಿಸುತ್ತಾನೆ, ಸುಳ್ಳಂತೂ ಅಲ್ಲ. ಡಬ್ಬಿಯೊಳಗೆ ಧ್ವನಿ ಗುಂಯ್ಗುಡಬಾರದೆಂದು ತುಂಬಿದ ಹತ್ತಿ ಎರಡು ಗಾದಿಗಳದು. ಈಗ ಆ ಗಾದಿಗಳ ಮೇಲೆ ಮಲಗಿದ ಬೀಗರು ಮತ್ತೊಮ್ಮೆ ಉಳಿಯಲು ಬರುವುದಿಲ್ಲ. ಇದನ್ನೂ ಕಾಕಾ ಉಳಿತಾಯದ ಬಾಬತ್ತಿಗೇ ಸೇರಿಸುತ್ತಾನೆ. ಇನ್ನು ಆ ಡಬ್ಬಿಗಳು, ಅವು ಸಾಗವಾನಿ. ಸವದತ್ತಿಯ ತವರಿನವರು ಮದುವೆಯಲ್ಲಿ ಕಾಕುವಿಗೆ ಕೊಟ್ಟ ಮಂಚ.

1947ರಲ್ಲಿ ಇಂಗ್ಲೆಂಡಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆ ವಿಲಿಯಮ್ಸನ್ ಎಂಬಾತನ ಆಂಪ್ಲಿಫೈಯರ್ ನಕ್ಷೆ ಪ್ರಕಟಿಸಿದಾಗ, ಹವ್ಯಾಸಿಗಳು ಮನೆಮನೆಯಲ್ಲಿ ಅದನ್ನು ಕಟ್ಟಲು ಕೂತರಂತೆ. ಹೈ-ಫೈಯ ಇತಿಹಾಸದಲ್ಲಿ ಆ ನಕ್ಷೆಗೆ ದೊಡ್ಡ ಹೆಸರಿದೆ. ಆ ಮನೆಗಳ ಮಂಚದ ಗತಿ ಏನಾಯಿತೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ.

ಡಬ್ಬಿ ಎಷ್ಟು ಲೀಟರಿನದಾಯಿತು ಎಂದು ತಿಳಿಯಲು ಕಾಕಾ ಹಿಡಿದ ದಾರಿ ಗಿರಣಿಯವನಿಗಷ್ಟೇ ಹೊಳೆಯುವಂಥದು. ಎಂಟಿಂಚಿನ ವೂಫರಿಗೆ ಅವನಿಗೆ ಬೇಕಾದದ್ದು ಮೂವತ್ತು ಲೀಟರು. ಒಂದು ಲೀಟರ್ ಜಾಗದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಜೋಳ ಕೂರುತ್ತದೆ. ಬೀಸಲು ಬಂದು ಕೂತಿದ್ದ ಯಾರದೋ ಚೀಲ ಎತ್ತಿ ಡಬ್ಬಿಗೆ ಸುರಿದ. ಇಪ್ಪತ್ತೆರಡು ಕಿಲೋ ಹಿಡಿಯಿತು. ಲೆಕ್ಕ ಸರಿಹೋಯಿತು. ಜೋಳ ಮರಳಿ ಚೀಲಕ್ಕೆ ಹೋಯಿತು, ಪೂರ್ತಿ ಹೋಗಲಿಲ್ಲ. ಸೆಟ್ಟು ಹಚ್ಚಿದ ರಾತ್ರಿ ಹಾಡಿನ ಹಿಂದೆ ಸರಸರ ಎಂಬ ಸದ್ದು. ಕಾಕಾ ಅದಕ್ಕೆ ಡಿಸ್ಟಾರ್ಷನ್ ಎಂದು ಹೆಸರಿಟ್ಟು ಐಸಿ ಬದಲಿಸಿದ, ವೈರು ಬದಲಿಸಿದ, ಅರ್ಥಿಂಗಿಗೆ ನೀರು ಹಾಕಿದ. ವಾರ ಕಳೆದ ಮೇಲೆ ಕಾಕು ಕಸ ಹೊಡೆಯುತ್ತ ಡಬ್ಬಿ ಅತ್ತಿತ್ತ ಸರಿಸಿ, "ನಿಮ್ಮ ಡಿಸ್ಟಾರ್ಷನ್ನಿಗೆ ನುಸಿ ಹತ್ತಾಕತ್ತಾವ" ಅಂದಳು.

ಇತ್ತೀಚೆಗೆ ಅಳಿಯ ಮೊಬೈಲಿನಲ್ಲಿ ಸಾಮಾನು ತರಿಸಿಕೊಡುತ್ತಾನೆ. ಆದರೆ ನಮ್ಮದು ಮುಗುಟಖಾನ ಹುಬ್ಬಳ್ಳಿ. ಹೆಸರಿನ ಮುಂದಿನ ಎರಡಕ್ಷರ ಓದುವ ವ್ಯವಧಾನ ಪಾರ್ಸಲ್ಲಿನವರಿಗಿಲ್ಲ. ಕಾಕಾನ ಟ್ವೀಟರುಗಳು ಧಾರವಾಡ ದಾಟಿ ಆ ದೊಡ್ಡ ಹುಬ್ಬಳ್ಳಿ ನೋಡಿಕೊಂಡು, ಹೆದ್ದಾರಿಗುಂಟ ವಾಪಸು ಬರುತ್ತವೆ. ಅಳಿಯ ಬೈಯುತ್ತಾನೆ, ಕಾಕಾ ಬೈಯುವುದಿಲ್ಲ. ಗಂಗೂಬಾಯಿಯವರ ಊರು ಮುಟ್ಟಿ ಬಂದ ಟ್ವೀಟರಿನಲ್ಲಿ ಏನೋ ಗುಣ ಇರುತ್ತದೆಂಬುದು ಅವನ ನಂಬಿಕೆ.

ಆ ಗಂಗೂಬಾಯಿ ಹಾನಗಲ್ಲರೇ ಕಾಕಾನನ್ನು ಎರಡು ರಾತ್ರಿ ನಿದ್ದೆಗೆಡಿಸಿದರು. ಪೆನ್‌ಡ್ರೈವಿನಲ್ಲಿ ಅವರ ಗಾಯನ ಹಚ್ಚಿದ್ದಾಗ ಪಕ್ಕದ ಮನೆಯ ಆಟೋದವನು ಇಣುಕಿ, "ಯಾರ್ರಿ ಕಾಕಾ ಹಾಡೂ ಗಂಡಸ್ರು? ಚಲೋ ಅದಾರು" ಅಂದ. ಕಾಕಾನ ಎದೆ ಧಸಕ್ಕೆಂದಿತು. ಹೆಣ್ಣುದನಿ ಗಂಡುದನಿ ಆಗುವಷ್ಟು ಬೇಸ್ ಹೆಚ್ಚಾಗಿದೆಯೆಂದರೆ! ಬೇಸ್ ಇಳಿಸಿದ, ಹತ್ತಿ ತೆಗೆದ, ಮತ್ತೆ ತುಂಬಿದ. ಟಾನ್ಸಿಲ್ ಶಸ್ತ್ರಚಿಕಿತ್ಸೆ ಆದ ಮೇಲೆ ಅವರ ಕಂಠ ಹಾಗೆ ಗಡುಸಾಯಿತೆಂದು, ಲೋಕ ತಲೆಬಾಗಿದ್ದು ಆ ಗಡಸುತನಕ್ಕೇ ಎಂದು ನಾನು ಹೇಳಿದರೂ ಕೇಳಲಿಲ್ಲ. ಕಾಕು ಒಳಗಿನಿಂದಲೇ ಅಂದಳು: "ನಮ್ಮಪ್ಪ ಧಾರವಾಡ ರೇಡಿಯೋದಾಗ ಕೇಳತಿದ್ದ. ಅವಾಗೂ ಹಿಂಗ ಇತ್ತು ಬಿಡ್ರಿ."

ಕಾಕಾ ಒಂದು ಹಾಡನ್ನಾದರೂ ಕೊನೆತನಕ ಕೇಳಿದ್ದಾನೆಯೇ ಎಂಬುದು ನನ್ನ ಬಹುದಿನದ ಅನುಮಾನ. ಮಲ್ಲಿಕಾರ್ಜುನ ಮನ್ಸೂರರು ಆಲಾಪ ಮುಗಿಸಿ ತಬಲಾ ಕೂಡಿಸಿಕೊಳ್ಳುವಷ್ಟರಲ್ಲಿ ಅವನ ಕೈಗೆ ಸ್ಕ್ರೂಡ್ರೈವರ್ ಬಂದಿರುತ್ತದೆ. ಸ್ಟೀರಿಯೋ ಸರಿಯಾಗಿ ಕೂಡಬೇಕಾದರೆ ಎರಡು ಡಬ್ಬಿ, ಒಂದು ತಲೆ ಸೇರಿ ಮೂರೂ ಬಾಹು ಸಮವಾದ ತ್ರಿಕೋನ ಆಗಬೇಕು. ಅವನ ಮನೆಯಲ್ಲಿ ಆ ತಲೆಯ ಜಾಗ ನೆಟ್ಟಗೆ ಹೊಸ್ತಿಲ ಮೇಲೆ ಬೀಳುತ್ತದೆ. ಸಂಜೆಹೊತ್ತು ಹೊಸ್ತಿಲ ಮೇಲೆ ಕೂತ ಗಂಡನನ್ನು ದಾಟಿಕೊಂಡೇ ಕಾಕು ದೀಪ ಹಚ್ಚಲು ಓಡಾಡುತ್ತಾಳೆ.

ಈ ಸಲ ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಹೊರಟಿದ್ದ ಟ್ರ್ಯಾಕ್ಟರೊಂದು ಗಿರಣಿಯ ಮುಂದೆ ನಿಂತಿತು. ಎಂಜಿನ್ನಿಗಿಂತ ಟೇಪಿನ ಸದ್ದೇ ದೊಡ್ಡದಿರುವ ಈ ಗಾಡಿಗಳು ನಮ್ಮ ಕಡೆ ಹೊಸವಲ್ಲ. ಇವನ ಟೇಪು ಸುಟ್ಟಿತ್ತು. "ಕಾಕಾ, ನಿಮ್ಮ ಸೆಟ್ ಭಾರಿ ಐತೆಂತ್ರಿ. ಕೊಡತೀರೇನು? ಎಷ್ಟು?"

ಕಾಕಾ ಕಿರ್ದಿ ತೆಗೆದ. "ಬರೋಬ್ಬರಿ ಎರಡ ಸಾವಿರದ ಎಂಟನೂರ ಅರವತ್ತು." ಸೆಟ್ಟು ಎಷ್ಟು ಅಗ್ಗ ಎಂದು ತೋರಿಸುವ ಉಮೇದಿನಲ್ಲಿ ಹೇಳಿಬಿಟ್ಟಿದ್ದ. ಹುಡುಗ ಚೌಕಾಸಿ ಮಾಡದೆ ಮೂರು ಸಾವಿರ ಎಣಿಸಿ ತಕ್ಕಡಿಯ ಮೇಲಿಟ್ಟ. ಕಾಕಾನ ಮುಖ ಹಿಟ್ಟಿಲ್ಲದೆಯೂ ಬೆಳ್ಳಗಾಯಿತು.

ಅಷ್ಟರಲ್ಲಿ ಕಾಕು ಬಾಗಿಲಿಗೆ ಬಂದಳು. "ಒಯ್ಯಪಾ, ಖುಷೀಲೆ ಒಯ್ಯಿ. ಆದ್ರ ಅದರಾಗ ನಂದೊಂದ ಮಂಚ ಐತಿ, ಅರ್ಧಾ ಪರಾತ ಐತಿ, ಎರಡ ಗಾದಿ ಹತ್ತಿ ಐತಿ, ಇನ್ವರ್ಟರ್ ಐತಿ. ಅವನ್ನಟ ಇಳಿಸಿ ಹೋಗು."

ಹುಡುಗ ಒಮ್ಮೆ ಡಬ್ಬಿ ನೋಡಿದ, ಒಮ್ಮೆ ಕಾಕುವನ್ನು ನೋಡಿದ. "ನಾ ಸೆಟ್ ಕೇಳಾಕ ಬಂದೀನ್ರಿ ಕಾಕು, ಮನೀ ಅಲ್ಲ" ಎಂದು ರೊಕ್ಕ ಎತ್ತಿಕೊಂಡ.

ಕಾಕಾನಿಗೆ ಜೀವ ಬಂತು. ಹುಡುಗನ ಹಿಂದೆಯೇ ರಸ್ತೆಯತನಕ ಹೋಗಿ ಹೆಗಲ ಮೇಲೆ ಕೈಯಿಟ್ಟ. "ಏ ತಮ್ಮಾ, ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ಗಾಡಿ ಬ್ಯಾಟರಿ ಹನ್ನೆರಡ ವೋಲ್ಟ್ ಅಲ್ಲ? 4440 ಅದಕ್ಕಂತನ ಹುಟ್ಟೇತಿ. ನಾನ ಕಟ್ಟಿ ಕೊಡತೇನಿ, ಖರ್ಚೇನೂ ಬರೂದಿಲ್ಲ. ನಿಮ್ಮನ್ಯಾಗ ಸಾಗವಾನಿ ಮಂಚ ಐತೇನು?"