ಬೆನ್ನುಬಿದ್ದ ಬ್ರೇಕು

ನಮ್ಮ ಪಿಕಪ್ ಟ್ರಕ್ಕು ಸುಳ್ಳು ಹೇಳುತ್ತದೆ ಎಂಬುದು ನಮ್ಮ ಮನೆಯಲ್ಲಿ ಬಹುಕಾಲದಿಂದ ಇದ್ದ ಪ್ರತೀತಿ. ಅದನ್ನು ಮಾಡಿದ ಕಂಪನಿಯ ಹೆಸರು ಹೇಳುವುದಿಲ್ಲ. ಬೆಳಗಾದರೆ ಅದರಲ್ಲೇ ಕೂತು ಹಾಲು ತರಲು ಹೋಗಬೇಕು, ಯಾಕೆ ನಿಷ್ಠುರ? ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುತ್ತಿರುವಾಗ ಸ್ಟಿಯರಿಂಗಿನ ಹಿಂದಿನ ಪರದೆ ‘ಟಿಣ್’ ಎಂದು ಗಮನ ಸೆಳೆದು, ‘ಟ್ರೈಲರ್ ಕಳಚಿಕೊಂಡಿದೆ’ ಎಂದು ತೋರಿಸುತ್ತದೆ. ಎದೆ ಧಸಕ್ಕೆನ್ನುತ್ತದೆ. ಕನ್ನಡಿ ನೋಡಿದರೆ ಟ್ರೈಲರ್ ಮಹಾಶಯ ಎಲ್ಲಿಗೂ ಹೋಗಿಲ್ಲ, ತನ್ನ ಪಾಡಿಗೆ ತಾನು ಹಿಂದೆಯೇ ಬರುತ್ತಿದ್ದಾನೆ. ಮುಂದಿನ ಗುಂಡಿ ದಾಟಿದೊಡನೆ ಮತ್ತೆ ಟಿಣ್: ‘ಟ್ರೈಲರ್ ಸೇರಿಕೊಂಡಿದೆ’. ಹೋದದ್ದು ಯಾವಾಗ, ಬಂದದ್ದು ಯಾವಾಗ, ಕೇಳುವಂತಿಲ್ಲ.

ಡೆಟ್ರಾಯ್ಟಿನ ಪಕ್ಕದಲ್ಲಿ ಸಂಸಾರ ಹೂಡಿದ ಕನ್ನಡಿಗನಿಗೆ ಈ ಎಳೆದಾಟವೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಉತ್ತರ ಒಂದೇ ಮಾತಿನಲ್ಲಿದೆ: ತಿಳಿಸಾರು. ನಮ್ಮವರು ಅಮೆರಿಕದ ಯಾವ ಮೂಲೆಗೆ ಪ್ರವಾಸ ಹೊರಟರೂ ಎರಡನೆಯ ದಿನ ಸಂಜೆ ಪಿಜ್ಜಾದ ಮುಂದೆ ಕೂತು ಅನ್ನ ಸಾರಿನ ಧ್ಯಾನಕ್ಕೆ ಇಳಿಯುತ್ತಾರೆ. ಮೋಟೆಲಿನ ಬಚ್ಚಲಲ್ಲಿ ಎಲೆಕ್ಟ್ರಿಕ್ ಕುಕ್ಕರ್ ಇಟ್ಟು, ಒಗ್ಗರಣೆಯ ಹೊಗೆಗೆ ಅಲಾರ್ಮ್ ಕೂಗಿಕೊಂಡು, ಮ್ಯಾನೇಜರ್ ಬಂದು ಬಾಗಿಲು ಬಡಿದ ಕಥೆ ಇಲ್ಲಿನ ಪ್ರತಿ ಕನ್ನಡ ಮನೆಯಲ್ಲೂ ಒಂದಿದೆ. ಆದ್ದರಿಂದ ಒಲೆ, ಸಿಂಕು, ಪುಟ್ಟ ಫ್ರಿಜ್ಜು, ಮಲಗಲು ಮಂಚ ಎಲ್ಲ ಇರುವ ಗಾಲಿಮನೆಯೊಂದನ್ನು, ಅಂದರೆ ಕ್ಯಾಂಪರ್ ಟ್ರೈಲರನ್ನು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆವು. ಅದನ್ನು ಎಳೆಯಲು ಟ್ರಕ್ಕು ಕೊಂಡೆವು. ಒಂದು ಪಾತ್ರೆ ಸಾರಿಗೆ ಇಷ್ಟು ಕಬ್ಬಿಣ ಬೇಕಾಯಿತು.

ಈ ದೇಶದ ಬಹುಪಾಲು ಗಾಲಿಮನೆಗಳು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಖಾರ್ಟ್ ಎಂಬ ಊರಿನ ಆಸುಪಾಸಿನಲ್ಲಿ. ಅಲ್ಲಿನ ಕಾರ್ಖಾನೆಗಳಲ್ಲಿ ಅಮಿಶ್ ಪಂಗಡದವರು ಬಹಳ ಮಂದಿ ದುಡಿಯುತ್ತಾರೆ. ಸ್ವಂತಕ್ಕೆ ಕಾರು ಇಟ್ಟುಕೊಳ್ಳದ, ಕುದುರೆ ಗಾಡಿಯಲ್ಲಿ ಓಡಾಡುವ ಜನ. ಮರಗೆಲಸದಲ್ಲಿ ಎತ್ತಿದ ಕೈ. ಕರೆಂಟಿನ ತಂತಿ ಮನೆಯೊಳಕ್ಕೆ ಬರದಂತೆ ನೋಡಿಕೊಳ್ಳುವವರು ಎಂದು ಕೇಳಿದಾಗಿನಿಂದ ನನಗೆ ಅವರ ಮೇಲೆ ಗೌರವ ಇಮ್ಮಡಿಸಿದೆ. ತಂತಿ ಮನೆಯೊಳಗೆ ಬಂದರೆ ಏನಾಗುತ್ತದೆ ಎಂದು ಈಗ ನನಗೂ ಗೊತ್ತು.

ವಿಷಯಕ್ಕೆ ಬರೋಣ. ಐದು ಸಾವಿರ ಪೌಂಡಿನ ಮನೆ ಬೆನ್ನ ಹಿಂದೆ ಇರುವಾಗ ಟ್ರಕ್ಕಿನ ಬ್ರೇಕು ಒಂದನ್ನೇ ನಂಬಿದರೆ, ಟ್ರಕ್ಕು ನಿಂತರೂ ಮನೆ ನಿಲ್ಲುವುದಿಲ್ಲ. ಇಲ್ಲಿನ ಹಲವು ರಾಜ್ಯಗಳಲ್ಲಿ ತೂಕ 3,000 ಪೌಂಡು ದಾಟಿದರೆ ಟ್ರೈಲರಿಗೆ ಅದರದೇ ಬ್ರೇಕು ಇರಬೇಕೆಂಬ ಕಾನೂನಿದೆ. ಈ ಬ್ರೇಕಿನಲ್ಲಿ ಎಣ್ಣೆಯಿಲ್ಲ, ಗಾಳಿಯಿಲ್ಲ, ಇರುವುದು ವಿದ್ಯುತ್ತು. ಪ್ರತಿ ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ. ಟ್ರಕ್ಕಿನ ಬ್ರೇಕು ಒತ್ತಿದಾಗ ನೀಲಿ ತಂತಿಯಲ್ಲಿ ಕರೆಂಟು ಹರಿದು ಆ ಕಾಂತ ತಿರುಗುವ ಡ್ರಮ್ಮಿಗೆ ಅಂಟುತ್ತದೆ. ಅಂಟಿ, ಅದರ ಜೊತೆ ತಿರುಗಲು ಹವಣಿಸಿ, ಒಂದು ತೋಳನ್ನು ಎಳೆಯುತ್ತದೆ. ಆ ತೋಳು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಚಕ್ರದ ವೇಗವನ್ನೇ ಬಳಸಿಕೊಂಡು ಚಕ್ರವನ್ನು ನಿಲ್ಲಿಸುವ ಈ ಯುಕ್ತಿಯನ್ನು 1920ರ ದಶಕದಲ್ಲಿ ರೂಢಿಗೆ ತಂದವರು ವಿಸ್ಕಾನ್ಸಿನ್ನಿನ ಬೆಲಾಯ್ಟ್ ಊರಿನ ಆರ್ಥರ್ ಪ್ರ್ಯಾಟ್ ವಾರ್ನರ್. ಇದೇ ಮನುಷ್ಯ ಅದಕ್ಕೆ ಮೊದಲು ಕಾರುಗಳಿಗೆ ಸ್ಪೀಡೋಮೀಟರ್ ಮಾಡಿ ಹೆಸರು ಗಳಿಸಿದ್ದರು; 1909ರಲ್ಲಿ ಸ್ವಂತಕ್ಕೊಂದು ವಿಮಾನವನ್ನೂ ಕೊಂಡಿದ್ದರು. ವೇಗ ಎಷ್ಟೆಂದು ಜನರಿಗೆ ತೋರಿಸಿದ ಮೇಲೆ, ಇವರನ್ನು ನಿಲ್ಲಿಸುವ ದಾರಿಯನ್ನೂ ಹುಡುಕಬೇಕು ಎಂದು ಅವರಿಗೆ ಅನ್ನಿಸಿದ್ದರೆ ಸಹಜವೇ.

ಇಂದಿನ ಟ್ರಕ್ಕುಗಳಲ್ಲಿ ಡ್ಯಾಶ್‌ಬೋರ್ಡಿನಲ್ಲೇ ಒಂದು ಕಂಟ್ರೋಲರ್ ಕೂತಿರುತ್ತದೆ. ಟ್ರೈಲರಿಗೆ ಎಷ್ಟು ಬ್ರೇಕು ಬಡಿಸಬೇಕು ಎಂದು ಅದರಲ್ಲಿ ಹೊಂದಿಸಬಹುದು. ಬೇಕೆಂದಾಗ ಟ್ರೈಲರಿನ ಬ್ರೇಕನ್ನಷ್ಟೇ ಹಿಡಿಯಲು ಬೆರಳಲ್ಲಿ ಹಿಂಡುವ ಸಣ್ಣ ಸನ್ನೆಯೂ ಇದೆ. ಈ ಕಂಟ್ರೋಲರ್ ಆಗಾಗ ನೀಲಿ ತಂತಿಯಲ್ಲಿ ಒಂದಿಷ್ಟು ಕರೆಂಟು ಕಳಿಸಿ, ‘ಅಲ್ಲಿದ್ದೀರಾ?’ ಎಂದು ಕಾಂತಗಳನ್ನು ವಿಚಾರಿಸುತ್ತದೆ. ಉತ್ತರ ಬಾರದಿದ್ದರೆ ಟ್ರೈಲರ್ ಕಳಚಿದೆ ಎಂದು ಸಾರುತ್ತದೆ. ಕರೆಂಟು ಕಾಂತದವರೆಗೆ ಹೋಗದೆ ದಾರಿಯಲ್ಲೇ ಕಬ್ಬಿಣಕ್ಕೆ ಸೋರಿಹೋದರೆ, ಇನ್ನೂ ಗಂಭೀರ ಮುಖ ಮಾಡಿ ‘ಟ್ರೈಲರ್ ವೈರಿಂಗ್ ದೋಷ’ ಎನ್ನುತ್ತದೆ. ಮೊದಲನೆಯದು ದಾರಿ ಕಡಿದದ್ದು, ಎರಡನೆಯದು ದಾರಿ ತಪ್ಪಿದ್ದು. ಎಲ್ಲಿ ಕಡಿಯಿತು, ಎಲ್ಲಿ ತಪ್ಪಿತು ಎಂದು ಮಾತ್ರ ಅದು ಹೇಳದು. ಊರಿಗೆಲ್ಲ ಸುದ್ದಿ ಮುಟ್ಟಿಸಿ, ‘ನನ್ನ ಹೆಸರು ಹೇಳಬೇಡಿ’ ಎಂದು ಜಾರಿಕೊಳ್ಳುವವರನ್ನು ನೀವೂ ಕಂಡಿರುತ್ತೀರಿ.

ಈ ಎರಡನೆಯ ಸಂದೇಶ ನಮಗೆ ಮೊದಲು ದರ್ಶನ ಕೊಟ್ಟದ್ದು ಮ್ಯಾಕಿನಾ ಸೇತುವೆಯ ಮೇಲೆ. ಮಿಶಿಗನ್ನಿನ ಎರಡು ತುಂಡುಗಳನ್ನು ಜೋಡಿಸುವ ಆ ಸೇತುವೆ 1957ರಲ್ಲಿ ತೆರೆದದ್ದು. ಉದ್ದ ಸುಮಾರು 5 ಮೈಲಿ, ನಡುಮಧ್ಯದಲ್ಲಿ ರಸ್ತೆ ನೀರಿನಿಂದ ಸುಮಾರು 200 ಅಡಿ ಮೇಲೆ. ಒಳಗಿನ ಲೇನಿನಲ್ಲಿ ರಸ್ತೆಯೇ ಕಬ್ಬಿಣದ ಜಾಲರಿ, ಗಾಲಿಯಡಿ ಗುಂಯ್‌ಗುಡುತ್ತದೆ, ಇಣುಕಿದರೆ ಕೆಳಗೆ ಸರೋವರ. ಅಲ್ಲಿ ನಿಲ್ಲಿಸುವಂತಿಲ್ಲ. ಪರದೆಯಲ್ಲಿ ಕೆಂಪಕ್ಷರ, ಪಕ್ಕದ ಸೀಟಿನಲ್ಲಿ ವಿಷ್ಣುಸಹಸ್ರನಾಮ. ಹಿಂದಿನ ಸೀಟಿನ ಮಗರಾಯ ಕನ್ನಡಕ ಸರಿಮಾಡಿಕೊಂಡು, “ಅಪ್ಪಾ, ಬ್ರೇಕು ಇಲ್ಲದಿದ್ದರೆ ಇನ್ನೂ ಬೇಗ ತಲುಪುತ್ತೀವಲ್ಲವಾ?” ಎಂದ.

ಊರಿಗೆ ಮರಳಿದ ಮೇಲೆ ಸಲಹೆಗಳ ಸುರಿಮಳೆ. ಸಾಫ್ಟ್‌ವೇರಿನ ಗೆಳೆಯ ಹೇಳಿದ: “ಪ್ಲಗ್ ಕಿತ್ತು ಮತ್ತೆ ಹಾಕು.” ಹಾಕಿದರೆ ಸರಿಹೋಯಿತು. ಅದೇ ನನ್ನ ದುಃಖ. ಆ ಜಾತಿಯವರ ಸಲಹೆ ಫಲಿಸಿದಷ್ಟೂ ಅವರ ಹಮ್ಮು ಬೆಳೆಯುತ್ತದೆ. ನಾಲ್ಕು ದಿನ ಬಿಟ್ಟು ಟ್ರಕ್ಕು ಮತ್ತೆ ಟಿಣ್ ಎಂದಿತು. ಟ್ರಕ್ಕಿನ ಡೀಲರ್ ತನ್ನ ಕಂಪ್ಯೂಟರು ಸಿಕ್ಕಿಸಿ ನೋಡಿ, ಟ್ರಕ್ಕು ಆರೋಗ್ಯವಾಗಿದೆ, ತೊಂದರೆ ಟ್ರೈಲರಿನದು ಎಂದು ಚೀಟಿ ಕೊಟ್ಟ, ಫೀಸೂ ತೆಗೆದುಕೊಂಡ. ಟ್ರೈಲರಿನ ಅಂಗಡಿಯವನು ತನ್ನ ಬ್ಯಾಟರಿ ಹಚ್ಚಿ ನಾಲ್ಕೂ ಚಕ್ರ ಗಕ್ಕನೆ ಹಿಡಿಯುವುದನ್ನು ತೋರಿಸಿ, ತೊಂದರೆ ಟ್ರಕ್ಕಿನದು ಎಂದ. ಅವನ ಫೀಸು ಬೇರೆ. ಎರಡು ಹೊಲಗಳ ನಡುವಿನ ಬದುವಿನಂತೆ ಆ ಪ್ಲಗ್ಗು: ಕಳೆ ಬೆಳೆದರೆ ಇಬ್ಬರಿಗೂ ಕಾಣುತ್ತದೆ, ಕೀಳುವವರು ಯಾರೂ ಇಲ್ಲ.

ಶಿವಮೊಗ್ಗದಿಂದ ಅಮ್ಮ ಫೋನಿನಲ್ಲಿ, “ಗಾಡಿಗೆ ನಿಂಬೆಹಣ್ಣು ಕಟ್ಟಿದ್ದೀಯೇನೋ?” ಎಂದು ಕೇಳಿದರು. “ಟ್ರಕ್ಕಿಗೋ, ಟ್ರೈಲರಿಗೋ?” ಎಂದೆ, ಡೀಲರುಗಳ ಸಹವಾಸದಿಂದ ಬಂದ ಬುದ್ಧಿ. ಅಮ್ಮ ಕ್ಷಣವೂ ಯೋಚಿಸಲಿಲ್ಲ. “ಎರಡೂ ಸೇರೋ ಕಡೆ ಕಟ್ಟು.”

ನಾನು ಕರ್ನಾಟಕದಲ್ಲೇ ಓದಿದ ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ವೀಟ್‌ಸ್ಟನ್ ಬ್ರಿಡ್ಜಿನ ಚಿತ್ರವನ್ನು ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ. ನಿಜವಾದ ತಂತಿಯ ಮುಂದೆ ಕೂರಿಸಿದರೆ ಮಾತ್ರ ನನ್ನ ಪದವಿ ಟಾರ್ಚ್ ಹಿಡಿಯುವ ಹುದ್ದೆಗೆ ಇಳಿಯುತ್ತದೆ. ಆ ಹುದ್ದೆಗೆ ನನ್ನನ್ನು ನೇಮಿಸಿಕೊಂಡವರು ಪಕ್ಕದ ಮನೆಯ ಅಜ್ಜ. ಕಾರು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ಮುಳ್ಳು ಓಡುವ ಹಳೆಯ ಮೀಟರು, ಒಂದು ಟೆಸ್ಟ್ ಲೈಟು, ಚಕ್ರವಿರುವ ಹಲಗೆ, ಇಷ್ಟೇ ಅವರ ಆಸ್ತಿ. ಮೊದಲು ತಮ್ಮ ಹುಲ್ಲು ಸಾಗಿಸುವ ಟ್ರೈಲರನ್ನು ನಮ್ಮ ಟ್ರಕ್ಕಿಗೆ ಕಟ್ಟಿ ಒಂದು ಸುತ್ತು ಹೊಡೆದು ಬಂದರು. ಟಿಣ್ ಎನ್ನಲಿಲ್ಲ. “ಟ್ರಕ್ಕು ಸಾಚಾ,” ಎಂದರು.

ಆಮೇಲೆ ನಮ್ಮ ಟ್ರೈಲರಿನ ಪ್ಲಗ್ಗು ಹಿಡಿದು ಬೆಳಕು ಬೀಳಿಸಲು ಹೇಳಿದರು. ಹೆಬ್ಬೆರಳಿಗಿಂತ ದಪ್ಪನೆಯ ಕರಿ ಮೂತಿ, ಅದರೊಳಗೆ ಏಳು ಮನೆಗಳು: ನಡುವೆ ಒಂದು, ಸುತ್ತ ಆರು. ಎಡ ಇಂಡಿಕೇಟರು, ಬಲ ಇಂಡಿಕೇಟರು, ಹಿಂದೀಪ, ಬ್ಯಾಟರಿಗೆ ಕರೆಂಟು, ರಿವರ್ಸು, ನೀಲಿ ತಂತಿಯ ಬ್ರೇಕು, ಬಿಳಿ ತಂತಿಯ ಅರ್ತು. ಹೋದ ಕರೆಂಟೆಲ್ಲ ಮರಳಿ ಬರಬೇಕಾದದ್ದು ಈ ಬಿಳಿ ತಂತಿಯಲ್ಲಿ. ಆ ಬಿಳಿಯ ಮನೆಯಲ್ಲಿ ಹಸಿರು ಕಿಲುಬು ಮೆತ್ತಿ ಕೂತಿತ್ತು. ಪಕ್ಕದ ಖಾಲಿ ಜಾಗದಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿ ಖಾಲಿ ಮಾಡಿ ಹೋಗಿತ್ತು. ಡೆಟ್ರಾಯ್ಟ್ ನಗರದ ಅಡಿಯಲ್ಲಿ, ಸಾವಿರ ಅಡಿಗೂ ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ಅದೇ ಉಪ್ಪನ್ನು ಮೇಲೆ ತಂದು ರಸ್ತೆಗೆ ಸುರಿಯುತ್ತಾರೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು; ನಮ್ಮ ಪ್ಲಗ್ಗು ಚಳಿಗಾಲವಿಡೀ ಉಪ್ಪು ತಿಂದು ಮಳೆಗಾಲವಿಡೀ ನೀರು ಕುಡಿದಿತ್ತು. ಹೊರಗೆ ಬಂದು ನೋಡಿದ ನನ್ನಾಕೆ, “ಕಿಲುಬು ತಾನೆ? ಹುಣಸೆಹಣ್ಣು ತರಲಾ?” ಎಂದಳು. ಅಜ್ಜನಿಗೆ ಭಾಷಾಂತರಿಸಿದೆ. ಆತ ಮೆಚ್ಚಿದರು, ಆದರೆ ಹುಳಿ ಒಳಗುಳಿದು ಮತ್ತೆ ತಿನ್ನುತ್ತದೆ ಎಂದು ಸ್ಪ್ರೇ ಹೊಡೆದು, ಸಣ್ಣ ಬ್ರಷ್ಷಿನಲ್ಲಿ ಉಜ್ಜಿ, ನೀರು ತಾಗದ ಗ್ರೀಸು ಸವರಿದರು. ‘ಕಳಚಿಕೊಂಡಿದೆ’ ಎಂಬ ದೂರು ಅಲ್ಲಿಗೆ ಮುಗಿಯಿತು.

‘ವೈರಿಂಗ್ ದೋಷ’ ಮುಗಿಯಲಿಲ್ಲ. ಅಜ್ಜ ಹಲಗೆಯ ಮೇಲೆ ಮಲಗಿ ಟ್ರೈಲರಿನಡಿಗೆ ಜಾರಿದರು. ನಾನು ಟಾರ್ಚಿನೊಂದಿಗೆ ಹಿಂಬಾಲಿಸಿದೆ. ಒಂದೊಂದು ಕಾಂತವನ್ನೂ ಬಿಡಿಸಿ ಅಳೆದರು: ಮೂರು ಓಮಿಗಿಂತ ತುಸು ಹೆಚ್ಚು, ನಾಲ್ಕೂ ಸರಿ. ಕರೆಂಟು ಕುಡಿಯುವುದು ಒಂದೊಂದೂ 3 ಆಂಪಿಯರ್ ಆಸುಪಾಸು, ಒಟ್ಟು 12. ಆಮೇಲೆ ಕಾಂತಗಳನ್ನು ಬಿಡಿಸಿಟ್ಟಂತೆಯೇ, ಮೀಟರಿನ ಒಂದು ಕಡ್ಡಿಯನ್ನು ನೀಲಿ ತಂತಿಗೂ ಇನ್ನೊಂದನ್ನು ಆಕ್ಸಲಿನ ಕಬ್ಬಿಣಕ್ಕೂ ಇಟ್ಟರು. ಮುಳ್ಳು ಅಲುಗಲಿಲ್ಲ, ಅಲುಗಬಾರದು ಕೂಡ. ಈಗ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಮುಳ್ಳು ಕುಪ್ಪಳಿಸಿ ಮತ್ತೆ ಮಲಗಿತು. ಒಂದು ಪಕ್ಕದ ಬ್ರೇಕಿನಿಂದ ಇನ್ನೊಂದು ಪಕ್ಕಕ್ಕೆ ತಂತಿಯನ್ನು ಟೊಳ್ಳು ಆಕ್ಸಲಿನ ಒಳಗಿನಿಂದ ದಾಟಿಸಿರುತ್ತಾರೆ. ಒಳಹೋಗುವ ತೂತಿನ ಅಂಚಿಗೆ ರಬ್ಬರಿನ ಬಳೆ ತೊಡಿಸಿರಲಿಲ್ಲ. ಮೈಲಿಗಟ್ಟಲೆ ತೊನೆದಾಡಿ ತಂತಿಯ ಚರ್ಮ ಕಿತ್ತು, ತಾಮ್ರ ಇಣುಕುತ್ತಿತ್ತು. ಗುಂಡಿ ಸಿಕ್ಕಾಗಲೆಲ್ಲ ಅದು ಕಬ್ಬಿಣವನ್ನು ಮುಟ್ಟುತ್ತಿತ್ತು. ಅಜ್ಜ ಒಳಗಿನ ತಂತಿಗೆ ಮುಕ್ತಿ ಕೊಟ್ಟು, ಹೊಸದನ್ನು ಕೊಳವೆಯಲ್ಲಿ ತೂರಿಸಿ ಆಕ್ಸಲಿನ ಹೊರಮೈಗೆ ಬಿಗಿದರು.

ಅಂದರೆ ಟ್ರಕ್ಕು ಸತ್ಯಸಂಧ. ಟ್ರೈಲರೂ ಗಟ್ಟಿ. ಕಾಂತ, ಕಂಟ್ರೋಲರ್, ಬ್ಯಾಟರಿ ಎಲ್ಲ ಸುಖವಾಗಿದ್ದವು. ಕೆಟ್ಟಿದ್ದೆಲ್ಲ ಹೊಸ್ತಿಲುಗಳಲ್ಲಿ: ಒಂದು ಮುಗಿದು ಇನ್ನೊಂದು ಶುರುವಾಗುವ ಕಡೆ, ಒಳಗಿಂದ ಹೊರಗೆ ಬರುವ ಕಡೆ. ನಿಂಬೆಹಣ್ಣಿನ ಜಾಗವನ್ನು ಅಮ್ಮ ಶಿವಮೊಗ್ಗದಲ್ಲಿ ಕೂತೇ ಗುರುತಿಸಿದ್ದರು. ಡೀಲರುಗಳ ಫೀಸನ್ನು ಅವರಿಗೇ ಕಳಿಸಬಹುದಿತ್ತು.

ಅಜ್ಜ ದುಡ್ಡು ಮುಟ್ಟಲಿಲ್ಲ. ಒಂದು ಡಬ್ಬಿ ಚಕ್ಕುಲಿ ಮುಟ್ಟಿದರು. ಹೋಗುವ ಮುಂಚೆ, ಪ್ರತಿ ಪ್ರವಾಸದ ಮುನ್ನ ಮಾಡಬೇಕಾದ್ದನ್ನು ಹೇಳಿಕೊಟ್ಟರು: ಮನೆಯ ಬೀದಿಯಲ್ಲೇ ಮೆಲ್ಲಗೆ ಹೊರಡು, ಕಾಲು ಬ್ರೇಕಿನ ಮೇಲಿಡಬೇಡ, ಡ್ಯಾಶ್‌ಬೋರ್ಡಿನ ಸನ್ನೆಯನ್ನು ಬೆರಳಲ್ಲಿ ಹಿಂಡು, ಟ್ರೈಲರ್ ಹಿಂದಕ್ಕೆ ಜಗ್ಗಬೇಕು. ಆ ಪರೀಕ್ಷೆಯನ್ನು ತಪ್ಪದೆ ಮಾಡುತ್ತೇನೆ. ಇಷ್ಟು ತೂಕದ ಸಂಸಾರದಲ್ಲಿ ನನ್ನ ಬೆರಳಿನ ಮಾತಿಗೆ ಮರ್ಯಾದೆ ಕೊಟ್ಟು ನಿಲ್ಲುವುದು ಅದೊಂದೇ ಆದ್ದರಿಂದ, ಒಂದೊಂದು ಸಲ ಅಗತ್ಯಕ್ಕಿಂತ ಜಾಸ್ತಿಯೇ ಹಿಂಡುತ್ತೇನೆ ಎಂದು ನನ್ನಾಕೆಯ ತಕರಾರು.