ಕರ್ಣಕವಚದ ಆಯುರ್ಮೀಮಾಂಸೆ

ಹೊರಗಿನ ಸದ್ದಡಗಿಸುವ ಹೆಡ್‌ಫೋನಿಗೆ ಕನ್ನಡದಲ್ಲಿ ಒಪ್ಪಿತವಾದ ಹೆಸರಿಲ್ಲ. ಆದ್ದರಿಂದ ಪ್ರಸ್ತುತ ಪ್ರಬಂಧಕಾರನು ಯಾರ ಅಪ್ಪಣೆಯನ್ನೂ ಕೇಳದೆ ಅದಕ್ಕೆ 'ಕರ್ಣಕವಚ' ಎಂದು ನಾಮಕರಣ ಮಾಡಿದ್ದಾನೆ. ಹುಟ್ಟುತ್ತಲೇ ಕವಚ ತೊಟ್ಟು ಬಂದ ಕರ್ಣನ ನೆನಪಾದರೆ ಆಗಲಿ. ಅವನ ಕವಚಕ್ಕೆ ಚಾರ್ಜರ್ ಬೇಕಿರಲಿಲ್ಲ, ನಮ್ಮದಕ್ಕೆ ಬೇಕು. ಶಾಸ್ತ್ರ ಹುಟ್ಟುವುದೇ ಈ ವ್ಯತ್ಯಾಸದಲ್ಲಿ.

ಪೂರ್ವೇತಿಹಾಸವನ್ನು ಬೇಗ ಮುಗಿಸೋಣ. ಏರುವ ಅಲೆಗೆ ಸರಿಯಾಗಿ ಇಳಿಯುವ ಅಲೆಯನ್ನು ಎದುರು ಬಿಟ್ಟರೆ ಎರಡೂ ಒಂದನ್ನೊಂದು ನುಂಗುತ್ತವೆ ಎಂಬ ತತ್ತ್ವಕ್ಕೆ ಜರ್ಮನಿಯ ಪಾಲ್ ಲೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಬಂಗಾಳಿ ತಂದೆಯ ಮಗ ಅಮರ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ಮರಳುತ್ತಿದ್ದಾಗ ಎಂಜಿನ್ನಿನ ಮೊರೆತದಲ್ಲಿ ಸಂಗೀತ ಕೇಳಿಸದೆ, ವಿಮಾನದಲ್ಲೇ ಕುಳಿತು ಲೆಕ್ಕ ಶುರುಮಾಡಿದರು. 1989ರಲ್ಲಿ ಆ ಲೆಕ್ಕ ಹೆಡ್‌ಫೋನಾಗಿ ಪೈಲಟ್‌ಗಳ ಕಿವಿಗೇರಿತು, 2000ದಲ್ಲಿ ಪ್ರಯಾಣಿಕರ ಕಿವಿಗೆ. ಆ ವಂಶದ ಕ್ವಯಟ್‌ಕಂಫರ್ಟ್ 25 ಎಂಬುದು ಟೀವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಒಂದರಲ್ಲಿ 35 ಗಂಟೆ ನಡೆಯುತ್ತಿತ್ತು. ಕವಚ ಸತ್ತರೆ ರಿಮೋಟಿನ ಬೆನ್ನು ಬಿಚ್ಚಿದರಾಯಿತು. ಆಮೇಲಿನ ಕಷ್ಟ ಧಾರಾವಾಹಿ ನೋಡುವವರದು.

ಈಗ ಮೂಲ ಪ್ರಮೇಯ. ಬಾಯಿ ಮುಚ್ಚಿ ಕೂರುವ ಮೌನಕ್ಕೆ ಖರ್ಚಿಲ್ಲ. ಕರ್ಣಕವಚದ ಮೌನ ಹಾಗಲ್ಲ, ಅದು ಕಾರ್ಖಾನೆಯ ಮಾಲು. ಮೈಕು ಹೊರಗಿನ ಸದ್ದನ್ನು ಆಲಿಸಬೇಕು, ಚಿಪ್ ಎದುರಲೆಯನ್ನು ಲೆಕ್ಕ ಹಾಕಬೇಕು, ಸ್ಪೀಕರು ಅದನ್ನು ಬಿಡಬೇಕು. ಅದೂ ಕ್ಷಣ ತಪ್ಪದೆ. ಹಾಡು ಹಾಕದೆ ಸುಮ್ಮನೆ ತೊಟ್ಟು ಕೂತರೂ ಒಳಗೆ ದುಡಿಮೆ ನಿಂತಿರುವುದಿಲ್ಲ. ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ4 ವಿಷಯದಲ್ಲಿ ಕಂಪನಿಯೇ ಕೊಡುವ ಲೆಕ್ಕ: ಸದ್ದಡಗಿಸದಿದ್ದರೆ 38 ಗಂಟೆ, ಅಡಗಿಸಿದರೆ 30. ಹೀಗೆ ಮೌನದ ಬೆಲೆ ಎಂಟು ಗಂಟೆ ಎಂದು ನಿರ್ವಿವಾದವಾಗಿ ಸಿದ್ಧವಾಯಿತು.

ವಿವಾದ ಇರುವುದು 30ರಲ್ಲಿ. ಶಾಸನಗಳಲ್ಲಿ ದತ್ತಿ ಬಿಟ್ಟವರು 'ಆಚಂದ್ರಾರ್ಕ' ಎಂದು ಧೈರ್ಯವಾಗಿ ಕೊರೆಸಿದರು. ಸೂರ್ಯಚಂದ್ರರಿರುವ ತನಕ ಎಂದರೆ ಅಷ್ಟೇ, ಅಡಿಟಿಪ್ಪಣಿ ಇಲ್ಲ. ಡಬ್ಬಿಗಳ ಮೇಲಿನ ಪಾಠ ಬೇರೆ: '30 ಗಂಟೆಗಳವರೆಗೆ', ತಲೆಯ ಮೇಲೊಂದು ನಕ್ಷತ್ರ. ಈ 'ವರೆಗೆ'ಯನ್ನು ಓದುಗರು ಲಘುವಾಗಿ ಕಾಣಬಾರದು. ಅದಕ್ಕೆ ಮೇಲಿನ ಎಲ್ಲೆಯುಂಟು, ಕೆಳಗಿನದಿಲ್ಲ. 'ಸಾಲಕ್ಕೆ ಯುಗಾದಿವರೆಗೆ ತಡ್ಕೊಳ್ಳಿ' ಎಂದವನನ್ನು ಕಂಡವರಿಗೆ ಇದರ ವ್ಯಾಪ್ತಿ ಗೊತ್ತು. ನಕ್ಷತ್ರದ ಜಾಡು ಹಿಡಿದು ಹೋದರೆ ಡಬ್ಬಿಯ ತಳದಲ್ಲಿ, ಭೂತಗನ್ನಡಿಗೂ ಮಣಿಯದ ಲಿಪಿಯಲ್ಲಿ, ಬಳಕೆಯಂತೆ ಬದಲಾಗಬಹುದು ಎಂಬ ವ್ಯಾಖ್ಯಾನ ಸಿಗುತ್ತದೆ. ಇಷ್ಟು ಪ್ರಾಮಾಣಿಕ ವಾಕ್ಯ ಡಬ್ಬಿಯಲ್ಲಿ ಇನ್ನೊಂದಿಲ್ಲ.

ಆಯುಸ್ಸು ಕ್ಷಯಿಸುವುದರ ಬಗ್ಗೆ ಒಂದು ಮಾತು. ಈಗಿನ ಕವಚಗಳೊಳಗಿನ ಲಿಥಿಯಂ ಬ್ಯಾಟರಿಗೆ ಬಿಸಿ ಆಗದು, ಸದಾ ನೂರಕ್ಕೆ ತುಂಬಿಸಿ ಇಟ್ಟರೂ ಒಗ್ಗದು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಅದರ ಪಾಲಿಗೆ ಯಮಲೋಕದ ಹೊಸ್ತಿಲು. ಈ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಹಂಚಿಕೊಂಡಾಗ ಜಾನ್ ಗುಡ್‌ಇನಫ್ ಅವರಿಗೆ 97 ವರ್ಷ, ಬದುಕಿದ್ದು ನೂರು. ತಂದೆಯ ಆಯುಸ್ಸು ಸಂತಾನಕ್ಕೆ ಇಳಿಯಲಿಲ್ಲ.

ಇನ್ನು ಕ್ಷೇತ್ರಕಾರ್ಯ. ಪ್ರಯೋಗಶಾಲೆ: ಬೆಂಗಳೂರಿನ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿ, ಊಟದ ಮೇಜು. ಕವಚ: ಎರಡು ವರ್ಷ ಹಳೆಯದು, ಕಂಪನಿಯ ಹೆಸರು ಅಪ್ರಸ್ತುತ. ಬೆಳಿಗ್ಗೆ ಒಂಬತ್ತಕ್ಕೆ ಪಕ್ಕದ ಮನೆಯ ಗ್ರೈಂಡರು ದೋಸೆಹಿಟ್ಟು ರುಬ್ಬತೊಡಗಿತು. ಗುಂಡಿ ಒತ್ತಿದೆ. ಏಕಶ್ರುತಿಯ ಆ ಗುರ್ರ್ ಶಬ್ದ ಹೊಗೆಯಂತೆ ಕರಗಿತು. ಇಂಥ ತಗ್ಗಿನ, ಒಂದೇ ಸಮನಾದ ಸದ್ದು ಕವಚಕ್ಕೆ ಸುಲಭದ ತುತ್ತು. ಕುಕ್ಕರಿನ ಸೀಟಿ ಮಾತ್ರ ಸೂಜಿಯಂತೆ ತೂರಿ ಬರುತ್ತದೆ. ಅದು ಏರುಸ್ವರ, ಥಟ್ಟನೆ ಬರುವಂಥದು, ಎದುರಲೆ ಹಿಂದೆ ಬೀಳುತ್ತದೆ. ಅದಕ್ಕೆ ನನ್ನದೇ ಪರಿಹಾರವಾಗಿ ಭೀಮಸೇನ ಜೋಶಿಯವರನ್ನು ಜೋರಾಗಿ ಹಾಕಿಕೊಂಡೆ. ವಾಲ್ಯೂಮ್ ಏರಿಸಿದರೆ ಗಂಟೆಗಳು ಇಳಿಯುತ್ತವೆ ಎಂದು ಟಿಪ್ಪಣಿಯನ್ನೂ ಬರೆದುಕೊಂಡೆ.

ಫೋನಿನಲ್ಲಿ ಶೇಕಡಾ 30 ತೋರುತ್ತಿತ್ತು. ಹಳೆಯ ಬ್ಯಾಟರಿಯ ಶೇಕಡಾವಾರು ಅಂದಾಜಷ್ಟೇ. ನಡುವೆ ನಿಧಾನಕ್ಕೆ ಇಳಿದು ಕೊನೆಗೆ ಬಾವಿಗೆ ಬಿದ್ದಂತೆ ಬೀಳುತ್ತದೆ. ವಿಲಂಬಿತ ಇನ್ನೂ ಮುಗಿದಿರಲಿಲ್ಲ, ಹೆಂಗಸೊಬ್ಬಳು ಅಡ್ಡ ಬಂದು ಇಂಗ್ಲಿಷಿನಲ್ಲಿ 'ಬ್ಯಾಟರಿ ಲೋ' ಎಂದಳು. ನಿಮಿಷಕ್ಕೊಮ್ಮೆ ಎಂದಳು. ಸದ್ದು ಬೇಡವೆಂದು ಕೊಂಡ ಸಾಧನದಲ್ಲಿ ಅತಿ ಹೆಚ್ಚು ಕಾಡಿದ ಸದ್ದು ಇದೇ ಎಂಬುದು ಶೋಧದ ಮುಖ್ಯ ಫಲಿತಾಂಶ. ಐದನೆಯ ಸಲಕ್ಕೆ ಪಟ್ಟನೆ ಎಲ್ಲ ನಿಂತಿತು. ಗ್ರೈಂಡರು ಮರಳಿತು, ಫ್ಯಾನು ಮರಳಿತು, ಸೀದ ವಾಸನೆಯೊಂದು ಬಂದಿತು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ರೀ, ಮೂರು ಸೀಟಿ ಆದ್ಮೇಲೆ ಗ್ಯಾಸ್ ಆಫ್ ಮಾಡಿ ಅಂತ ಸ್ನಾನಕ್ಕೆ ಹೋಗೋ ಮುಂಚೆ ಹೇಳಿದ್ನಲ್ಲ?"